ಕುಂಕುಮ ಬಿದ್ದ ಕೇಬಲ್

ಸೆ. 23, 2025
ಇವತ್ತು ನನ್ನ ಶೆಡ್ಡಿನಲ್ಲಿ ಹನ್ನೊಂದು ಕೇಬಲ್. ಒಂದೂ ಕೆಡಲಿಲ್ಲ. ಮಗ್ಗ ಬಿಟ್ಟ ಎಮ್ಮಿಗನೂರಿನ ಆರು ಹೆಂಗಸರು — ನೂಲು ಹಿಡಿದ ಕೈ, ನಡುಗುವುದಿಲ್ಲ. ಕ್ವಾಂಟಮ್ ಕಂಪ್ಯೂಟರಿನ ಚಳಿಪೆಟ್ಟಿಗೆಯೊಳಗೆ ಇಳಿಯುವ ತಂತಿಗಳಿವು. ಆ ಚಳಿಗೆ ಕುಗ್ಗಿದರೂ ಕೀಳದಂತೆ ಬಾಗಿಸಬೇಕು. ಆರು ಜನರಲ್ಲಿ ಹಿರಿಯಳಾದ ಉಚ್ಚಮ್ಮ ಬಾಗಿಸಿದ್ದನ್ನು ನಾನು ಅಳೆಯುವುದೇ ಇಲ್ಲ.
“ಅಶ್ವಿನಮ್ಮ, ಆ ಕಂಪ್ಯೂಟರ್ ಏನ್ ಲೆಕ್ಕ ಮಾಡ್ತೈತಿ?” ಎಂದು ಕೇಳಿದಳು.
ಗೊತ್ತಿಲ್ಲ ಎಂದೆ.
“ಇರ್ಲಿ ಬಿಡ್ರಿ. ನೇಯ್ದ ಸೀರಿ ಯಾರು ಉಡ್ತಾರಂತ ನಾವೇನು ಕೇಳಿದ್ವಾ?”

ಅ. 1, ಆಯುಧಪೂಜೆ
ಸ್ಪ್ಯಾನರಿಗೆಲ್ಲ ವಿಭೂತಿ. ನಾಳೆ ಹೊರಡುವ ನಲವತ್ತು ಕೇಬಲ್‌ಗಳ ಬಾಯಿಮುಚ್ಚಳ ತೆಗೆದು ಉಚ್ಚಮ್ಮ ಒಂದೊಂದಕ್ಕೂ ಕುಂಕುಮ ಇಟ್ಟಳು. “ಮುಸುಕು ಹಾಕಿದ್ದಕ್ಕ ಹೆಂಗ ಪೂಜಿ ಮಾಡ್ಲಿ?” ನೋಡಿದೆ. ಹಬ್ಬದ ದಿನ ಯಾಕೆ ಮಾತು ಎಂದು ಸುಮ್ಮನಾದೆ. ಒರೆಸಿ ಕಳಿಸಿದರಾಯಿತು…

ಅ. 16
ಕಂಪನಿಯಿಂದ ನಲವತ್ತೂ ವಾಪಸ್. ಬಾಯೊಳಗೆ ಕೆಂಪು ಪುಡಿ. ಹೊಸ ಆರ್ಡರ್ ಇಲ್ಲ.
“ಅಯಿಪೋಯಿಂದಿ, ಮುಗೀತು” ಎಂದಳು ಆರರಲ್ಲಿ ಇನ್ನೊಬ್ಬಳಾದ ನಾಗಜ್ಯೋತಿ, ಟೇಬಲ್ ಒರೆಸುತ್ತಾ. ಉಚ್ಚಮ್ಮ ತನ್ನ ಕೈಯನ್ನೇ ನೋಡುತ್ತಾ ಕೂತಳು. ತಡೆಯದವಳು ನಾನು. ಅವಳಿಗೂ ಹಾಗೆಂದೇ ಹೇಳಿದೆ, ಕಿವಿಗೆ ಹಾಕಿಕೊಳ್ಳಲಿಲ್ಲ.

ನ. 14
ವಾಗೀಶ್ ಬಂದಿದ್ದ. ಆದೋನಿಯವನು, ಕಂಪನಿಯ ಎಂಜಿನಿಯರ್, ಈ ಕೆಲಸ ಕೊಡಿಸಿದವನೇ. ಇನ್ನೊಂದು ಅವಕಾಶ ಕೊಡು ಎಂದು ಅಂಗಲಾಚಿದೆ. ನಾಚಿಕೆ ಬಿಟ್ಟು.
“ಕುಂಕುಮದ ಮಾತಲ್ಲಕ್ಕಾ. ಮುಂದಿನ ಮಷೀನು ಹತ್ತು ಪಟ್ಟು ದೊಡ್ಡದೈತಿ. ಅಷ್ಟು ಕೇಬಲ್ ಇಳಿಸಿದ್ರ ಒಳಗ ಜಾಗಾನೂ ಇಲ್ಲ, ಚಳಿನೂ ನಿಲ್ಲಂಗಿಲ್ಲ. ಕೇಬಲ್ ಬದ್ಲಿ ತೆಳ್ಳನ ಪಟ್ಟಿ, ಫ್ಯಾಕ್ಟರಿ ಮಷೀನ್‌ದಾಗ ಅಚ್ಚು ಹಾಕ್ತಾರ. ಅದರ ಡ್ರಾಯಿಂಗ್ ಜುಲೈದಾಗ ಆಗೇತಿ.”
ಜುಲೈ. ನಾವು ಹಬ್ಬಕ್ಕೆ ಮುಂಚೆಯೇ ಮುಗಿದಿದ್ದೆವು. ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ನ. 17, ಕಾರ್ತಿಕ ಸೋಮವಾರ
ಇದನ್ನು ಹೇಳಲೆಂದೇ ಉಚ್ಚಮ್ಮನ ಮನೆಗೆ ಹೋದೆ. ನೀರೂ ಮುಟ್ಟದೆ ಉಪವಾಸ. “ನಾಕು ಸೋಮವಾರ ಆತು. ತಪ್ಪು ಒಪ್ಕೊಂಡ್ರ ಮತ್ತ ಕೊಡ್ತಾರಲ್ಲ?” ಹೂಂ ಎಂದು ಬಂದೆ. ಹೇಡಿ ನಾನು.

ಡಿ. 4
ಶೆಡ್ ಖಾಲಿ ಮಾಡುತ್ತಿದ್ದೆ. ಉಚ್ಚಮ್ಮ ಬಂದಳು. ಸೊರಗಿದ್ದಾಳೆ. ಸೆರಗಿನಲ್ಲಿ ನಲವತ್ತು ಪುಟ್ಟ ಬಟ್ಟೆ ಟೊಪ್ಪಿಗೆ, ಕೈಯಲ್ಲೇ ಹೊಲಿದದ್ದು, ಕೇಬಲ್ ಬಾಯಿಗೆ. ಟೇಬಲ್ ಮೇಲೆ ಸುರಿದಳು.
“ಇನ್ನ ಮ್ಯಾಲ ಮುಸುಕು ತೆಗಿಯಂಗಿಲ್ಲಂತ ಬರೀರಿ ಅವ್ರಿಗೆ.”
ಇನ್ನು ತಡೆಯಲಾಗಲಿಲ್ಲ. “ಅಕ್ಕಾ, ನಿನ್ ತಪ್ಪೇನೂ ಇಲ್ಲ” ಎಂದೆ. ವಾಗೀಶ್ ಅಂದದ್ದೆಲ್ಲ ಹೇಳಿದೆ.
ಟೊಪ್ಪಿಗೆಗಳನ್ನು ಒಂದೊಂದಾಗಿ ಮತ್ತೆ ಸೆರಗಿಗೆ ಹಾಕಿಕೊಂಡಳು. ಆಮೇಲೆ ಕೇಳಿದಳು, “ನನ್ ತಪ್ಪು ಇಲ್ಲಂದ್ರ… ಯಾರ ಕಾಲು ಹಿಡೀಲಿ?”