ಅರವತ್ತನಾಲ್ಕು ಕೊಂಡಿಗಳ ಮೇಲಿನ ಗುರುತು

ಹಿಗಾಶಿ ಒಸಾಕಾ
24 ಫೆಬ್ರವರಿ 2019, ಭಾನುವಾರ

ಪ್ರೀತಿಯ ಚಿಗುಸಾಗೆ,

ಅಪ್ಪನ ಆಶೀರ್ವಾದಗಳು. ನಿನ್ನ ಕಾಗದ ಬಂದು ಐದು ವಾರ ದಾಟಿತು. ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡ. ಮೂರು ಸಲ ಬರೆಯಲು ಕೂತಿದ್ದೆ. ಮೂರು ಸಲವೂ ಚಳಿಯ ಸಮಾಚಾರ ಮುಗಿದ ಮೇಲೆ ಏನು ಬರೆಯುವುದೆಂದು ತೋಚದೆ ಎದ್ದುಬಿಟ್ಟೆ. ಹೊಕ್ಕಾಯ್ಡೊದಲ್ಲಿ ಕೂತವಳಿಗೆ ಒಸಾಕಾದ ಚಳಿಯ ವಿಷಯ ಬರೆಯುವುದೂ ಒಂದು ದಡ್ಡತನವೇ. ಆದ್ದರಿಂದ ಈ ಸಲ ಅದನ್ನು ಬಿಟ್ಟು ಶುರು ಮಾಡಿದ್ದೇನೆ.

ನನ್ನ ಆರೋಗ್ಯ ಪರವಾಗಿಲ್ಲ. ಅನ್ನ ಮಾಡಿಕೊಳ್ಳುತ್ತೇನೆ, ಮೀನು ಸುಟ್ಟುಕೊಳ್ಳುತ್ತೇನೆ. ನಿನ್ನ ಅಮ್ಮ ಉಪ್ಪಿನಕಾಯಿ ಹಾಕುತ್ತಿದ್ದ ತೌಡಿನ ಗಡಿಗೆಯಲ್ಲಿ ದಿನಾ ಕೈಯಾಡಿಸುತ್ತಿದ್ದೇನೆ. ಆದರೂ ವಾಸನೆ ಬೇರೆಯಾಗಿದೆ. ಪಕ್ಕದ ಮನೆಯ ನೊಮುರಾ ಅಜ್ಜಿ ಬಂದು ಮೂಸಿ ನೋಡಿ, "ಸತ್ತಿಲ್ಲ ಬಿಡಿ, ಕೈ ಬದಲಾಯ್ತಲ್ಲ, ಸಿಟ್ಟು ಮಾಡ್ಕೊಂಡಿದೆ ಅಷ್ಟೆ" ಎಂದಳು. ಅಮ್ಮ ತೀರಿಕೊಂಡ ನಲವತ್ತೊಂಬತ್ತನೆಯ ದಿನದ ಪೂಜೆಗೆ ನೀನು ಕಳಿಸಿದ ಹೂವು ಎರಡು ವಾರ ಬಾಡಲಿಲ್ಲ.

ಇನ್ನು ಮುಖ್ಯ ವಿಷಯ. ಕಾರ್ಖಾನೆಯ ಫಿನಿಶಿಂಗ್ ಮೇಜಿನಿಂದ ನಾನು ಎದ್ದಿದ್ದೇನೆ. ನಲವತ್ತೊಂದು ವರ್ಷ ಕೂತ ಜಾಗ. ಬೇರೆಯವರ ಬಾಯಿಂದ ನಿನಗೆ ಗೊತ್ತಾಗುವ ಮುಂಚೆ ನಾನೇ ಹೇಳಿಬಿಡುವುದು ವಾಸಿ.

ನಮ್ಮಲ್ಲಿಗೆ ಬರುವ ಅಲ್ಯೂಮಿನಿಯಂ ಅಡುಗೆಮನೆಯ ಪಾತ್ರೆಯದಲ್ಲ. ಸತು ಬೆರೆಸಿ ಗಟ್ಟಿ ಮಾಡಿದ್ದು, ಉಕ್ಕಿನ ಜತೆ ಪಂದ್ಯ ಕಟ್ಟುವಂಥದ್ದು. ಅದರ ಹಳೆಯ ಜಪಾನಿ ಹೆಸರಿನಲ್ಲಿ "ಅತಿ" ಎನ್ನುವುದು ಎರಡು ಸಲ ಬರುತ್ತದೆ. ಇಂಥ ಜಂಬದ ಲೋಹಕ್ಕೆ ಒಂದು ಗೀರೂ ಆಗಿಬರುವುದಿಲ್ಲ. ಮೆತ್ತಗಿನದಾದರೆ ಬಗ್ಗಿ ಸಹಿಸಿಕೊಳ್ಳುತ್ತದೆ. ಇದು ಹಾಗಲ್ಲ, ಅಂಚಿನಲ್ಲಿ ಕೂದಲೆಳೆಯಷ್ಟು ಮುಳ್ಳು ಉಳಿದರೂ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಮೆಷಿನ್ ಕೊರೆದು ಬಿಟ್ಟ ಆ ಮುಳ್ಳನ್ನು ಕೆರೆದು, ಅಂಚನ್ನು ಕಲ್ಲಿನಲ್ಲಿ ಉಜ್ಜಿ, ಉಂಗುರದ ಬೆರಳಿನ ತುದಿಯಿಂದ ಸವರಿ ನೋಡುವುದು ನನ್ನ ಕೆಲಸವಾಗಿತ್ತು. ಎರಡು ರಂಧ್ರ ಅಡ್ಡ ಸೇರುವ ಜಾಗ ಕಣ್ಣಿಗೆ ಕಾಣುವುದಿಲ್ಲ. ಅಲ್ಲಿ ಬೆರಳು ಹೇಳಿದ್ದೇ ಕೊನೆಯ ಮಾತು.

ಆ ಬೆರಳುಗಳು ಹೇಳುವುದನ್ನು ನಿಲ್ಲಿಸಿ ಎರಡು ವರ್ಷವಾಯಿತು. ಗಾಳಿಯ ಒತ್ತಡದಲ್ಲಿ ತಿರುಗಿ ಅದುರುವ ಗ್ರೈಂಡರ್ ಹಿಡಿದು ಹಿಡಿದು ಮೊದಲು ಚಳಿಗಾಲದಲ್ಲಿ ತುದಿಗಳು ಬೆಳ್ಳಗಾಗುತ್ತಿದ್ದವು, ಆಮೇಲೆ ಜೋಮು, ಆಮೇಲೆ ಅದೂ ಇಲ್ಲ. ಡಾಕ್ಟರು ಹೋದದ್ದು ಹೋಯಿತು ಎಂದರು. ನಾನು ಯಾರಿಗೂ ಹೇಳಲಿಲ್ಲ, ನಿನ್ನ ಅಮ್ಮನಿಗೂ ಹೇಳಲಿಲ್ಲ. ಹೇಳಿದ್ದರೆ ಮಾರನೆಯ ದಿನವೇ ಆ ಮೇಜಿಗೆ ಬೇರೆಯವರು ಬರುತ್ತಿದ್ದರು. ನನಗೆ ಬರುವ ವಿದ್ಯೆ ಅದೊಂದೇ. ಹತ್ತಿ ಸುತ್ತಿದ ಕಡ್ಡಿಯನ್ನು ರಂಧ್ರದಲ್ಲಿ ಆಡಿಸಿದರೆ ಎಳೆ ಸಿಕ್ಕಿಕೊಂಡು ಮುಳ್ಳು ಗೊತ್ತಾಗುತ್ತದೆ, ನಿಜ. ಆದರೆ ನಮ್ಮಲ್ಲಿ ಅದು ಹೊಸಬರ ಕಡ್ಡಿ. ನಾನು ಅದನ್ನು ಕೈಗೆತ್ತಿಕೊಂಡಿದ್ದರೆ ಇಡೀ ಕಾರ್ಖಾನೆ ತಲೆಯೆತ್ತಿ ನೋಡುತ್ತಿತ್ತು.

ಹೋದ ಅಕ್ಟೋಬರಿನಲ್ಲಿ ಒಂದು ಉಪಾಯ ಹೊಳೆಯಿತು. ಬೆರಳು ಸತ್ತರೂ ತುಟಿ ಬದುಕಿತ್ತು. ಯಾರೂ ನೋಡದಾಗ ಅಂಚನ್ನು ಕೆಳತುಟಿಗೆ ಒತ್ತಿ ಸವರಿದರೆ ಚಿಕ್ಕ ಮುಳ್ಳೂ ತಿಳಿಯುತ್ತಿತ್ತು, ಬೆರಳಿಗಿಂತ ಚೆನ್ನಾಗಿಯೇ. ತುಟಿಗೆ ಎಟುಕದ ಒಳಗಿನ ಜಾಗವನ್ನು ಅಭ್ಯಾಸದ ಮೇಲೆ ಬಿಟ್ಟಿದ್ದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಜನವರಿಯಲ್ಲಿ ರೋಗಿಗಳನ್ನು ಸಾಗಿಸುವ ಹೆಲಿಕಾಪ್ಟರಿನ ಸ್ಟ್ರೆಚರ್ ಕೊಂಡಿಗಳು ಬಂದವು, ಅರವತ್ತನಾಲ್ಕು. ಶುಕ್ರವಾರ ಸಂಜೆ ಮುಗಿಸಿ ಪೆಟ್ಟಿಗೆಗೆ ಹಾಕಿದೆ. ಮುಂದೆ ಮೂರು ದಿನ ರಜೆ. ಸಾಮಾನ್ಯವಾಗಿ ಮುಗಿದ ದಿನವೇ ತೊಳೆದು, ಕಪ್ಪು ಲೇಪನಕ್ಕೆಂದು ಕೊತಾನಿಯವರ ತೊಟ್ಟಿಗೆ ಕಳಿಸುತ್ತಿದ್ದೆವು. ಈ ಸಲ ಎಂಜಲು ತಾಗಿದ ಲೋಹ ಮೂರು ದಿನ ಹಾಗೇ ಕೂತಿತು. ಕಪ್ಪಾಗಿ ವಾಪಸು ಬಂದಾಗ ಒಂದೊಂದರ ಅಂಚಿನಲ್ಲೂ ಉಗುರಿನಷ್ಟು ಬಿಳಿಚಿದ ಗುರುತು, ಅದೂ ಒಂದೇ ಜಾಗದಲ್ಲಿ.

ತಪಾಸಣೆಯ ಹಮಾನೊ ಅವನ್ನು ಸಾಲಾಗಿ ಜೋಡಿಸಿ ಯಜಮಾನ ಇನುಯಿಯವರನ್ನು ಕರೆದಳು. ಯಜಮಾನರು ನೋಡಿದ ಕೂಡಲೇ ಕೊತಾನಿಗೆ ಫೋನ್ ಮಾಡಿ ಕರೆಸಿಕೊಂಡರು. ಮೂವತ್ತು ವರ್ಷದಿಂದ ನಮಗೆ ಲೇಪನ ಮಾಡಿಕೊಡುತ್ತಿರುವ ಮನುಷ್ಯ.

"ನಿಮ್ಮ ತೊಟ್ಟಿ ತೊಳ್ದು ಎಷ್ಟು ದಿನ ಆಯ್ತು, ಕೊತಾನಿಯವ್ರೇ?"

ಕೊತಾನಿ ಒಂದು ಕೊಂಡಿಯನ್ನು ಬೆಳಕಿಗೆ ಹಿಡಿದು ತಿರುಗಿಸಿದರು. "ನಮ್ಮ ತೊಟ್ಟಿ ಕೆಟ್ರೆ ಮೈಯೆಲ್ಲಾ ಕೆಡ್ಸತ್ತೆ. ಹೀಗೆ ಜಾಗ ಹುಡುಕ್ಕೊಂಡು ಕೂರಲ್ಲ. ಇದು ನಿಮ್ಮನೇಲೇ ಆಗಿರೋದು. ಬೆವರೋ, ಎಂಜಲೋ."

"ಲೋಹಾನ ನಾವು ನೆಕ್ತೀವಿ ಅಂತೀರಾ?"

"ನೀವು ಏನು ಮಾಡ್ತೀರೋ ನಂಗೇನು ಗೊತ್ತು ಯಜಮಾನ್ರೇ. ನಾನು ನೆಕ್ಕಿಲ್ಲ, ಅಷ್ಟು ಗೊತ್ತು."

ಇನ್ನು ಮುಂದೆ ಬೇರೆ ಕಡೆ ಕೊಡುತ್ತೇವೆ ಎಂದು ಯಜಮಾನರು ಹೇಳಿಬಿಟ್ಟರು. ಕೊತಾನಿ ಟೋಪಿ ತೆಗೆದು ನಮಸ್ಕರಿಸಿ ಹೋದರು. ನಾನು ಹತ್ತು ಹೆಜ್ಜೆ ದೂರದಲ್ಲಿ ತಲೆ ತಗ್ಗಿಸಿ ಕಲ್ಲು ಉಜ್ಜುತ್ತಿದ್ದೆ. ಆಗಲೂ ಬಾಯಿ ಬಿಡಲಿಲ್ಲ. ಇದನ್ನು ನಿನಗೆ ಬರೆಯಲು ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಹಾಗೆ.

ಎರಡು ದಿನ ಕಳೆದ ಮೇಲೆ, ಬೇರೆ ಯಾವುದೋ ಭಾಗ ಮಾಡುತ್ತಿದ್ದಾಗ, ನನಗೇ ಗೊತ್ತಿಲ್ಲದೆ ಅದು ತುಟಿಗೆ ಹೋಯಿತು. ಹಿಂದಿನಿಂದ ದನಿ ಕೇಳಿಸಿತು.

"ಉಪ್ಪು ಸರಿಯಾಗಿದ್ಯಾ, ತೊಕು-ಸಾನ್?"

ಹಮಾನೊ ನಿಂತಿದ್ದಳು. ಮೊದಲು ನಗುತ್ತಿದ್ದಳು, ಆಮೇಲೆ ನಗು ನಿಂತಿತು. ನನ್ನ ಎದುರು ಕೂತು, "ಕಣ್ಣು ಮುಚ್ಚಿ" ಎಂದಳು. ಒಂದು ಕೆರೆದ ತುಂಡು, ಒಂದು ಕೆರೆಯದ ತುಂಡು, ಎರಡನ್ನೂ ಬೆರಳಿಗೆ ಕೊಟ್ಟಳು. ನಾನು ಯೋಚಿಸಿ ಹೇಳಿದೆ. ತಪ್ಪಾಯಿತು. ಇನ್ನೊಮ್ಮೆ ಕೊಟ್ಟಳು. ಮತ್ತೆ ತಪ್ಪಾಯಿತು.

"ಯಾವಾಗಿಂದ?"

"ಎರಡು ವರ್ಷ ಆಯ್ತು."

"ಹತ್ತಿ ಕಡ್ಡಿ ಇತ್ತಲ್ಲ."

"ಅದು ಹೊಸಬರದ್ದಲ್ವಾ."

"ಸ್ಟ್ರೆಚರ್ ಮೇಲೆ ಮಲಗಿರೋರಿಗೆ ಹೊಸಬರು ಮಾಡಿದ್ರೇನು, ನೀವು ಮಾಡಿದ್ರೇನು? ಕೊಂಡಿ ನಿಂತ್ರೆ ಸಾಕು ಅವ್ರಿಗೆ." ಅವಳು ಎದ್ದಳು. "ನಾನು ಹೇಳಲ್ಲ. ನೀವೇ ಹೋಗಿ ಹೇಳಿ. ಊಟಕ್ಕೆ ಮುಂಚೆ ಹೇಳಿ, ಆಮೇಲೆ ನಿಮಗೆ ಧೈರ್ಯ ಬರಲ್ಲ."

ಹೇಳಿದೆ. ಯಜಮಾನರು ಬೈಯಲಿಲ್ಲ. ಅವರ ಅಪ್ಪನಾಗಿದ್ದರೆ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದರು, ಅದು ಎಷ್ಟೋ ಮೇಲಿತ್ತು. ಇವರು ಗಿರಾಕಿಗಳ ಪಟ್ಟಿಯ ಕಡತ ತೆಗೆದು ಮೇಜಿನ ಮೇಲಿಟ್ಟರು. ಲೇಪನ ಕಿತ್ತು ಮತ್ತೆ ಹಾಕಿದರೆ ಅಳತೆ ಕಡಿಮೆಯಾಗುತ್ತದೆ, ಹಾಗಾಗಿ ಅರವತ್ತನಾಲ್ಕೂ ಗುಜರಿಗೆ ಹೋದವು. ಎರಡು ವರ್ಷದಲ್ಲಿ ನನ್ನ ಕೈ ದಾಟಿ ಹೋದದ್ದನ್ನೆಲ್ಲ ಗಿರಾಕಿಗಳಿಗೆ ತಿಳಿಸಿ, ವಾಪಸು ತರಿಸಿ ನೋಡುತ್ತಿದ್ದಾರೆ. ಇಲ್ಲಿಯವರೆಗೆ ಮೂರರಲ್ಲಿ, ಆ ಅಡ್ಡ ರಂಧ್ರದ ಒಳಗೆ, ಮುಳ್ಳು ಸಿಕ್ಕಿದೆ. ಯಾರಿಗೂ ಏನೂ ಆಗಿಲ್ಲ. ಆ ಮೂರನ್ನು ಹಮಾನೊ ಭೂತಕನ್ನಡಿಯ ಕೆಳಗಿಟ್ಟು ನನಗೆ ತೋರಿಸಿದಳು, ನಾನು ನೋಡಿದೆ.

ನಾನು ಹೇಳಿದ ದಿನದ ಸಂಜೆಯೇ ಯಜಮಾನರೂ ನಾನೂ ಸಿಹಿಯ ಪೊಟ್ಟಣ ಹಿಡಿದು ಕೊತಾನಿಯವರಲ್ಲಿಗೆ ಹೋಗಿ ತಲೆಬಾಗಿ ನಿಂತೆವು. ಕೊತಾನಿ ಪೊಟ್ಟಣ ತೆಗೆದುಕೊಂಡು, "ಬೇರೆ ಯಾರ್ದಾದ್ರೂ ಆಗಿದ್ರೆ ಬೈತಿದ್ದೆ. ನಿಮ್ಮ ಬೆರಳು ಅಂದ್ಮೇಲೆ ಬೈಯೋಕೂ ಮನಸ್ಸು ಬರಲ್ಲ" ಎಂದರು. ಕೆಲಸ ಮತ್ತೆ ಅವರಿಗೇ ಹೋಗುತ್ತಿದೆ.

ನಾನೀಗ ಕೈಗವಸು ಹಾಕಿಕೊಂಡು ಭಾಗಗಳಿಗೆ ಕಾಗದ ಸುತ್ತಿ ಪೆಟ್ಟಿಗೆಯಲ್ಲಿಡುತ್ತೇನೆ. ನನ್ನ ಮೇಜಿನಲ್ಲಿ ಹಮಾನೊ ಇಬ್ಬರಿಗೆ ಹತ್ತಿ ಕಡ್ಡಿ ಹಿಡಿಯಲು ಕಲಿಸುತ್ತಿದ್ದಾಳೆ. ಕೆಲಸ ಚೆನ್ನಾಗಿಯೇ ಆಗುತ್ತಿದೆ, ನನಗಿದ್ದ ಜಂಬಕ್ಕಿಂತ ಆ ಕಡ್ಡಿ ವಾಸಿ. ಮಾರ್ಚ್ ಕೊನೆಗೆ ಪೂರ್ತಿ ಬಿಡುತ್ತೇನೆ. ನಿನ್ನ ಊರು ಕುಶಿರೊಗೆ ಬಾ ಎಂದು ಕರೆದಿದ್ದೀಯ. ಹಿಮ ಕರಗಿದ ಮೇಲೆ ಯೋಚಿಸೋಣ.

ನೀನು ಗ್ರೈಂಡರ್ ಹಿಡಿಯುವವಳಲ್ಲ, ಆದರೂ ಕೈ ಬೆಚ್ಚಗಿಟ್ಟುಕೋ. ಅಳಿಯಂದಿರಿಗೆ ನನ್ನ ನೆನಪು ಹೇಳು. ನಿಮ್ಮಿಬ್ಬರ ಮನೆ ನೆಮ್ಮದಿಯಾಗಿರಲಿ, ಮೈಯಲ್ಲಿ ಆರೋಗ್ಯವಿರಲಿ ಎಂದು ಹರಸುತ್ತೇನೆ.

ನಿನ್ನ ಅಪ್ಪ,
ಕುವಾಬಾರಾ ತೊಕುಜಿ

ಮ.ವಿ.: ನೀನು ಕಾಗದದಲ್ಲಿ ಮತ್ತೆ ಕೇಳಿದ್ದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ. ನಿನ್ನ ವಿಮಾನ ಹೊರಡದೆ ನೀನು ಅಲ್ಲೇ ಸಿಕ್ಕಿಕೊಂಡಿದ್ದ ಆ ಬೆಳಗ್ಗೆ, ಅಮ್ಮ ಕೊನೆಯಲ್ಲಿ ನನ್ನ ಕೈ ಅದುಮಿದಳಾ, ಅವಳಿಗೆ ನಾನಿದ್ದದ್ದು ತಿಳಿದಿತ್ತಾ ಎಂದು. ದಹನದ ದಿನ ಕೇಳಿದಾಗ "ಹೂಂ, ಎರಡು ಸಲ ಅದುಮಿದಳು" ಎಂದಿದ್ದೆ. ಅದು ಸುಳ್ಳು. ಹೊದಿಕೆಯೊಳಗೆ ಅವಳು ನನ್ನ ಬೆರಳ ತುದಿಗಳನ್ನಷ್ಟೇ ಹಿಡಿದಿದ್ದಳು. ಅದುಮಿರಲೂಬಹುದು. ನನಗೆ ಗೊತ್ತಾಗಲಿಲ್ಲ. ಆ ಕೈಯನ್ನು ಎತ್ತಿ ತುಟಿಗೆ ಒತ್ತಿಕೊಂಡಿದ್ದರೆ ಗೊತ್ತಾಗುತ್ತಿತ್ತು, ಅದು ಆಗಲೂ ನನಗೆ ಹೊಳೆದಿತ್ತು. ನರ್ಸ್ ಪಕ್ಕದಲ್ಲೇ ನಿಂತಿದ್ದಳು. ನಾಚಿಕೆಯಾಯಿತು.