ಮಡಿ ನೀರಿನ ಮುಚ್ಚಳ

ಖೂಬಾ ಪ್ಲಾಟ್, ಮೇ ೧೪, ಬುಧವಾರ

ನಮ್ಮ ಬೆಕ್ಕು ಸೋನಿ ಇವತ್ತೂ ನೀರು ಮುಟ್ಟಲಿಲ್ಲ. ಕಿಡ್ನಿ ಕೆಟ್ಟಿದೆ, ಇನ್ನು ನೀರೇ ಔಷಧಿಯಂತೆ. "ಹರಿಯೋ ನೀರು ಇಟ್ಟು ನೋಡ್ರಿ, ಕುಡದ್ರ ಕುಡೀತದ," ಎಂದಿದ್ದರು ಡಾಕ್ಟರು, ನನ್ನ ಮುಖ ನೋಡದೆ.

ಕಮಲಾಪುರದ ಆಫೀಸಿನಿಂದ ಬರುವಾಗ ಬಸ್ಸಿನುದ್ದಕ್ಕೂ ಮೊಬೈಲಿನಲ್ಲಿ ಬೆಕ್ಕಿಗೆ ನೀರು ಹರಿಸುವ ಪುಟ್ಟ ಕಾರಂಜಿಗಳನ್ನೇ ನೋಡಿದೆ. ಪ್ಲಾಸ್ಟಿಕ್ಕಿನದು ವಾಸನೆ ಹಿಡಿಯುತ್ತದಂತೆ, ಸ್ಟೀಲಿನದು ಗುಂಯ್ ಎನ್ನುತ್ತದಂತೆ. ಕರೆಂಟು ಹೋದರೆ ಎರಡೂ ಬರೀ ಬೋಗುಣಿ. ಕಡೆಗೆ ಸ್ಟೀಲಿನದನ್ನೇ ಆರ್ಡರ್ ಮಾಡಿದೆ. ಬರುವುದು ಸೋಮವಾರ. ಸೋಮವಾರದತನಕ ಸೋನಿ ಇರಬೇಕಲ್ಲ.

ಮೊದಲೆಲ್ಲ ಇದಕ್ಕೆ ಅತ್ತೆಯ ಮಡಿ ನೀರೇ ಬೇಕಿತ್ತು. ದೇವರ ಮನೆಯ ತಾಮ್ರದ ಕೊಡಕ್ಕೆ ಬಾಯಿ ಹಾಕಿದಾಗಲೆಲ್ಲ ಅತ್ತೆ ಬೈಯುತ್ತ ಆ ನೀರು ಚೆಲ್ಲಿ, ಮತ್ತೆ ಸ್ನಾನ ಮಾಡಿ, ಒದ್ದೆ ಸೀರೆಯಲ್ಲೇ ಹೊಸ ನೀರು ತುಂಬುತ್ತಿದ್ದರು. ಆಮೇಲೆ ಕೊಡಕ್ಕೆ ಮುಚ್ಚಳ ಬಂತು, ಮುಚ್ಚಳದ ಮೇಲೆ ಕಲ್ಲು ಬಂತು.

ಸಂಜೆ ಮನೆಗೆ ಬಂದರೆ ಕಲ್ಲು ಕೆಳಗಿತ್ತು, ಕೊಡ ತೆರೆದಿತ್ತು. ಅದರ ಪಕ್ಕದಲ್ಲೇ ಸೋನಿ ಕಣ್ಣು ಮುಚ್ಚಿ ಮಲಗಿತ್ತು. ಅತ್ತೆ ಹೊಸ್ತಿಲ ಮೇಲೆ ಕೂತಿದ್ದರು.

"ಮುಂಜಾನಿಂದ ತೆಗದಿಟ್ಟೀನಿ, ಅನು. ಮೂಸಿ ಸುದ್ದಾ ನೋಡವಲ್ದು."

ಅವರು ಇನ್ನೂ ಮುಚ್ಚಳ ಹಾಕಿಲ್ಲ.