ಚೀಟಿಯಿಲ್ಲದ ಬಾಟಲಿಗಳು

ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಿಗೆ,

ನಿನ್ನ ಅಕ್ಕನ ನೆನಪುಗಳು. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಎಲ್ಲ ಎಂದರೆ ನಿಮ್ಮ ಭಾವ, ನಮ್ಮ ಅತ್ತೆ, ನಾನು, ಮತ್ತೆ ಅಡುಗೆಮನೆಯ ಕಪಾಟಿನ ತುಂಬ ಕೂತಿರುವ ಕುರೂಪಿ ಸೋಪುಗಳು. ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಉತ್ತರ ಬರೆಯೋಣವೆಂದು ಕೂತಾಗಲೆಲ್ಲ ಕೈಗೆ ಸೋಪಿನ ಪಾಕ ಮೆತ್ತಿಕೊಂಡಿರುತ್ತಿತ್ತು. ಇದು ನೆಪ ಎಂದು ನಿನಗೆ ಗೊತ್ತಾಗುತ್ತದೆ. ಆದರೂ ಬೈಯಬೇಡ, ಪೂರ್ತಿ ಓದು.

ಶಾಲೆಯ ಡ್ರಾಯಿಂಗ್ ಟೀಚರ್ ಕೆಲಸಕ್ಕೆ ಮಾರ್ಚ್ ಕೊನೆಗೆ ರಾಜೀನಾಮೆ ಕೊಟ್ಟು ಇಲ್ಲಿಗೇ ಬಂದುಬಿಡುತ್ತೇನೆ, ಇಬ್ಬರೂ ಸೇರಿ ಸೋಪಿನ ಅಂಗಡಿ ತೆಗೆಯೋಣ, ಬಣ್ಣ ನನ್ನದು, ಪರಿಮಳ ನಿನ್ನದು ಎಂದು ಬರೆದಿದ್ದೀಯಲ್ಲ, ಅದನ್ನು ಓದಿ ನಿಮ್ಮ ಭಾವ ಕುಣಿದಾಡಿದರು. ಅವತ್ತೇ ತಮ್ಮ ಟೈಲರ್ ಅಂಗಡಿಗೆ ಓಡಿ ನಿನಗೊಂದು ಏಪ್ರನ್ ಕತ್ತರಿಸಿದರು. "ಅಳತೆ ಇಲ್ಲದೆ ಹೇಗ್ರೀ ಹೊಲಿತೀರಿ?" ಎಂದೆ. "ಅಕ್ಕನ ಅಳತೇಲಿ ಮೂರಿಂಚು ಕಮ್ಮಿ ಮಾಡಿದ್ರೆ ತಂಗಿ ಅಳತೆ," ಎಂದರು. ಆ ಮೂರಿಂಚು ಎಲ್ಲಿಯದು ಎಂದು ನಾನು ಕೇಳಲು ಹೋಗಲಿಲ್ಲ.

ಈಗ ನಗಬೇಡ. ನಾನು ಸುಳಿ ಕಲಿಯುತ್ತಿದ್ದೇನೆ. ಹೌದು, ನೀನು ನಿನ್ನ ಸೋಪುಗಳಲ್ಲಿ ಬಣ್ಣಬಣ್ಣವಾಗಿ ತಿರುಗಿಸುತ್ತೀಯಲ್ಲ, ಅದೇ ಸುಳಿ. "ಸೋಪು ಇರೋದು ಮೂಸೋಕೆ, ನೋಡೋಕಲ್ಲ, ಬೇಕಿದ್ರೆ ಫ್ರೇಮು ಹಾಕಿಸ್ಕೋ" ಎಂದು ನಿನ್ನನ್ನು ವರ್ಷಗಟ್ಟಲೆ ಗೋಳು ಹೊಯ್ದುಕೊಂಡವಳು ನಾನೇ. ಉಗುಳಿದ್ದನ್ನೇ ನೆಕ್ಕುತ್ತಿದ್ದಾಳೆ ನೋಡು ಎಂದು ಬೇಕಾದರೆ ಅಂದುಕೋ, ನಾನೇನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಮೊದಲ ಸಲ ಪಾಕವನ್ನು ಮೂರು ಪಾಲು ಮಾಡಿ, ಒಂದಕ್ಕೆ ನೀಲಿ, ಒಂದಕ್ಕೆ ಕೆಂಪುಮಣ್ಣು ಬೆರೆಸಿ, ಮರದ ಡಬ್ಬಿಗೆ ಎತ್ತರದಿಂದ ಸುರಿದೆ. ಮಾರನೆಯ ದಿನ ಕತ್ತರಿಸಿ ನೋಡಿದರೆ ಸುಳಿಯೂ ಇಲ್ಲ, ಗಿಳಿಯೂ ಇಲ್ಲ. ಬಣ್ಣವೆಲ್ಲ ತಳಕ್ಕಿಳಿದು ಮೇಲೆ ಬೋಳು ಬಿಳಿ. ಅತ್ತೆ ಕನ್ನಡಕ ಏರಿಸಿ ನೋಡಿ, "ನಮ್ಮ ಬಚ್ಚಲು ಗೋಡೆ ಕೆಳಗಿಂದ ಹೀಗೇ ತೇವ ಹಿಡ್ದಿದೆ," ಎಂದರು.

ಎರಡನೆಯ ಸಲ ಹ್ಯಾಂಗರಿನ ವಿದ್ಯೆ. ನಿನಗೆ ಇದು ನೀರು ಕುಡಿದಷ್ಟು ಸುಲಭ: ಹ್ಯಾಂಗರಿನ ತಂತಿ ಬಗ್ಗಿಸಿ ಪಾಕದೊಳಗೆ ಇಳಿಸುವುದು, ಮೇಲೆ ಕೆಳಗೆ ಆಡಿಸಿ ಎಳೆದುಬಿಡುವುದು. ನನಗೆ ಇಳಿಸುವುದು ಬಂತು, ನಿಲ್ಲಿಸುವುದು ಬರಲಿಲ್ಲ. ಇನ್ನೊಂದು ಸುತ್ತು, ಇನ್ನೊಂದು ಸುತ್ತು ಎಂದು ಆಡಿಸಿ ಆಡಿಸಿ ನೀಲಿ, ಕೆಂಪು, ಬಿಳಿ ಎಲ್ಲವೂ ಕಲೆತು ಕೆಸರಿನ ಬಣ್ಣವಾಯಿತು. "ಕತ್ತರಿ ಹಿಡಿದೋನಿಗೆ ಎಲ್ಲಿ ನಿಲ್ಲಿಸ್ಬೇಕು ಅನ್ನೋದೇ ಅರ್ಧ ವಿದ್ಯೆ ಕಣೆ," ಎಂದು ಉಪದೇಶ ಮಾಡಿದರು ನಿಮ್ಮ ಭಾವ. ಅವರ ಸಿಟ್ಟು ಬೇರೆಯದು. ನಾನು ಹ್ಯಾಂಗರುಗಳನ್ನೆಲ್ಲ ತಂದುಬಿಟ್ಟಿದ್ದೆ. "ಅಂಗಡೀಲಿ ಕೋಟುಗಳೆಲ್ಲ ಕುರ್ಚಿ ಮೇಲೆ ಕೂತಿವೆ, ಗಿರಾಕಿಗಳು ನಿಂತಿದ್ದಾರೆ!"

ಮೂರನೆಯದನ್ನು ಹೇಗೆ ಬರೆಯಲಿ? ನನ್ನ ಕಪಾಟಿನ ಎಣ್ಣೆ ಬಾಟಲಿಗಳು ನಿನಗೆ ಗೊತ್ತಲ್ಲ, ಎಲ್ಲವೂ ಒಂದೇ ಕಂದು ಬಣ್ಣ, ಒಂದಕ್ಕೂ ಚೀಟಿ ಇಲ್ಲ. ಮುಚ್ಚಳ ತೆಗೆದು ಒಂದು ಸಲ ಮೂಸಿದರೆ ತಿಳಿಯುವುದಕ್ಕೆ ಚೀಟಿ ಏಕೆ ಎಂಬ ಜಂಭ ನನ್ನದು. ಅವತ್ತು ಲ್ಯಾವೆಂಡರ್ ಎಂದು ಸುರಿದದ್ದು ಲವಂಗದ ಎಣ್ಣೆ. ಕೈತಪ್ಪು ಎಂದಿಟ್ಟುಕೋ. ಲವಂಗ ಬಿದ್ದರೆ ಪಾಕ ಕಣ್ಣು ಮಿಟುಕಿಸುವಷ್ಟರಲ್ಲಿ ಗಟ್ಟಿಯಾಗುತ್ತದೆ ಎಂದು ನಿನಗೆ ಹೇಳಿಕೊಟ್ಟವಳೇ ನಾನು! ಹ್ಯಾಂಗರ್ ಇಳಿಸಿದವಳು ಹೊರಗೆ ಎಳೆಯಹೋದರೆ ಡಬ್ಬಿಯೇ ಎದ್ದು ಬಂತು. ನಿಮ್ಮ ಭಾವ ಅದನ್ನು ಹಾಗೆಯೇ ಒಯ್ದು ಕೋಟಿನ ಮೊಳೆಗೆ ನೇತುಹಾಕಿ, ಕಣ್ಣು ಮೂಗು ಒರೆಸಿಕೊಳ್ಳುತ್ತ ಹೊರಗೆ ಓಡಿದರು.

ಅತ್ತೆ ಆಗಲೇ ಸೆರಗು ಮೂಗಿಗೆ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದರು. ಕೆಳಗಿನ ಮನೆಯ ಹಲ್ಲಿನ ಡಾಕ್ಟರು ಊಟದ ಕೈಯಲ್ಲೇ ಮೇಲೆ ಬಂದರು.

"ಯಾರಿಗಮ್ಮ ಹಲ್ಲು ನೋವು? ಇಡೀ ಬೀದಿಗೆ ಲವಂಗದ ಎಣ್ಣೆ ಹಚ್ಚಿದ ಹಾಗಿದೆ!"

"ಸೋಪಿಗೆ," ಎಂದರು ಅತ್ತೆ.

ಡಾಕ್ಟರು ಬಾಗಿಲಲ್ಲಿ ಇಣುಕಿ ನೋಡಿದರು. ನಾನು ಒಳಗೆ ಒಬ್ಬಳೇ ಆರಾಮವಾಗಿ ಪಾತ್ರೆ ಕೆರೆಯುತ್ತಿದ್ದೆ. "ಅಲ್ರೀ, ನೀವು ಹೇಗೆ ಕೂತಿದ್ದೀರಿ ಅಲ್ಲಿ?"

"ಅಭ್ಯಾಸ," ಎಂದೆ. ಅತ್ತೆ ನನ್ನ ಮುಖವನ್ನೇ ನೋಡಿದರು, ಏನೂ ಅನ್ನಲಿಲ್ಲ. ಅವರು ಏನೂ ಅನ್ನದೆ ಇದ್ದದ್ದು ನಾನು ಈ ಮನೆಗೆ ಬಂದ ಮೇಲೆ ಅದೇ ಮೊದಲು.

ಆದರೆ ಪುಟ್ಟಿ, ಹೋದ ವಾರ ಸುಳಿ ಬಂತು! ಪಾಕ ಇನ್ನೂ ತೆಳುವಾಗಿದ್ದಾಗಲೇ ಸುರಿದೆ, ಹ್ಯಾಂಗರನ್ನು ನಾಲ್ಕೇ ಸುತ್ತು ಆಡಿಸಿದೆ, ಐದನೆಯದಕ್ಕೆ ಕೈ ತುರಿಸಿದಾಗ ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡೆ. ಕತ್ತರಿಸಿದಾಗ ಬಿಳಿಯೊಳಗೆ ನೀಲಿ ಬಳುಕಿಕೊಂಡು ಹೋಗಿತ್ತು, ಅದರ ಅಂಚಿಗೆ ಕೂದಲೆಳೆಯಷ್ಟು ಕೆಂಪು. ನನಗೆ ಅಳುವೇ ಬಂತು. ಅತ್ತೆ ತಿರುಗಿಸಿ ತಿರುಗಿಸಿ ನೋಡಿ, "ತಲೇಲಿ ಎರಡು ಸುಳಿ ಇದ್ರೆ ಎರಡು ಮದುವೆ ಅಂತಾರೆ, ಇದಕ್ಕೆಷ್ಟು ಗಂಡಂದಿರೋ!" ಎಂದರು. ಆಮೇಲೆ ಮೆಲ್ಲಗೆ "ಪರವಾಗಿಲ್ಲ" ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ, ತಮ್ಮ ಮಗ ಹುಟ್ಟಿದಾಗಲೂ ಅಷ್ಟೇ ಅಂದಿದ್ದರಂತೆ. ಒಂದು ಸೋಪನ್ನು ಸೀರೆಯ ಪೆಟ್ಟಿಗೆಯಲ್ಲಿ ಬಚ್ಚಿಟ್ಟುಕೊಂಡಿದ್ದಾರೆ. ಸ್ನಾನಕ್ಕೆ ಬಳಸಿದರೆ ಸುಳಿ ಕರಗುತ್ತದಂತೆ.

ಇನ್ನೊಂದನ್ನು ಇದರ ಜೊತೆ ಕಳಿಸುತ್ತಿದ್ದೇನೆ. ಇನ್ನೂ ಹಸಿ ಇದೆ, ಒಂದು ತಿಂಗಳು ಗಾಳಿಯಲ್ಲಿಟ್ಟು ಆಮೇಲೆ ಬಳಸು. ಟೀಚರಮ್ಮನ ಹಾಗೆ ಕೆಂಪು ಪೆನ್ನು ಹಿಡಿದು ತಪ್ಪು ಹುಡುಕು, ಆದರೆ ಸ್ವಲ್ಪ ಕೈ ಬಿಚ್ಚಿ ಮಾರ್ಕು ಕೊಡು.

ಹೊತ್ತಿಗೆ ಸರಿಯಾಗಿ ಊಟ ಮಾಡು, ಬಣ್ಣದ ಕೈಯಲ್ಲಿ ಕಣ್ಣುಜ್ಜಿಕೊಳ್ಳಬೇಡ. ನೀನು ಹಿಡಿದ ಕೆಲಸವೆಲ್ಲ ಕೈಗೂಡಲಿ, ಮುಖದ ನಗು ಮಾಸದಿರಲಿ. ಅತ್ತೆ, ಭಾವ ಇಬ್ಬರ ಆಶೀರ್ವಾದವೂ ನನ್ನದರ ಜೊತೆ ಸೇರಿದೆ.

ಇತಿ ನಿನ್ನ,
ಅಕ್ಕ

ಮರುಬರಹ: ಮರೆತು ಉಳಿದದ್ದಲ್ಲ ಇದು. ಇದೊಂದನ್ನು ಬರೆಯಲೆಂದೇ ಕೂತವಳು ಮೇಲಿನದನ್ನೆಲ್ಲ ಬರೆದುಬಿಟ್ಟೆ. ಚಳಿಗಾಲದಲ್ಲಿ ನನಗೆ ಜ್ವರ ಬಂದಿತ್ತಲ್ಲ, ಅದು ಹೋಗುವಾಗ ನನ್ನ ಮೂಗನ್ನೂ ಕಟ್ಟಿಕೊಂಡು ಹೋಯಿತು. ನನಗೆ ಈಗ ಯಾವ ವಾಸನೆಯೂ ಗೊತ್ತಾಗುವುದಿಲ್ಲ ಪುಟ್ಟಿ. ಹಾಲು ಸೀದರೂ ಇಲ್ಲ, ಮಣ್ಣು ನೆನೆದರೂ ಇಲ್ಲ. "ಬಂದ್ರೂ ಬರಬಹುದು, ಬರದೇನೂ ಇರಬಹುದು," ಎನ್ನುತ್ತಾರೆ ಮೂಗಿನ ಡಾಕ್ಟರು. ಲವಂಗದ ದಿನ ಎಂದಿನಂತೆ ಮೂಗು ಸಾಕು ಎನ್ನುವವರೆಗೆ ಸುರಿಯೋಣವೆಂದು ಕಾದೆ. ಅದು ಸಾಕು ಎನ್ನಲೇ ಇಲ್ಲ. ಮಾರನೆಯ ದಿನ ಅತ್ತೆ ತಾವಾಗಿಯೇ ಬಂದು ಬಾಟಲಿಗಳನ್ನೆಲ್ಲ ಒಂದೊಂದಾಗಿ ಮೂಸಿ ಚೀಟಿ ಬರೆಸಿದರು. ಈಗ ನನ್ನ ಕಪಾಟಿನಲ್ಲಿ "ಆಸ್ಪತ್ರೆ", "ಪೌಡರ್ ಹಾಕಿದ ಮುದುಕಿ", "ಹಲ್ಲು ನೋವು" ಎಂಬ ಎಣ್ಣೆಗಳಿವೆ.

ನೀನು ರಾಜೀನಾಮೆ ಕೊಡುವ ಮೊದಲು ಇದು ನಿನಗೆ ಗೊತ್ತಿರಬೇಕು. ಪರಿಮಳ ನನ್ನದು ಎಂದು ಬೋರ್ಡು ಬರೆಸಲು ನನ್ನ ಹತ್ತಿರ ಪರಿಮಳವೇ ಇಲ್ಲ. ಬರಿಗೈಯಲ್ಲಿ ನಿನ್ನ ಪಕ್ಕ ನಿಲ್ಲಲು ನಾಚಿಕೆಯಾಗಿ ಸುಳಿ ಕಲಿತೆ. ಇಷ್ಟು ಸಾಕಾಗುವುದಿಲ್ಲ ಎನಿಸಿದರೆ ನೇರವಾಗಿ ಹೇಳು, ನನಗೆ ಕೋಪವಿಲ್ಲ. ಏಪ್ರನ್ ಮಾತ್ರ ಹೇಗಿದ್ದರೂ ನಿನ್ನದೇ.

ನೀನು ಕಳೆದ ಸಲ ಕಳಿಸಿದ ಹಳದಿ ಸೋಪು ಹೇಗಿತ್ತು ಎಂದು ಕೇಳಿದಾಗ ಘಮಘಮ ಎಂದು ಬರೆದಿದ್ದೆ. ಅದು ನನ್ನ ದಿಂಬಿನ ಪಕ್ಕದಲ್ಲೇ ಇದೆ. ಬೆಳಿಗ್ಗೆ ಎದ್ದ ಕೂಡಲೇ ಅದನ್ನೇ ಮೂಸುತ್ತೇನೆ. ಅದು ಯಾವ ಪರಿಮಳ ಪುಟ್ಟಿ? ಅತ್ತೆಯನ್ನು ಕೇಳಬಹುದಿತ್ತು, ನಿನ್ನನ್ನೇ ಕೇಳೋಣ ಎನಿಸಿತು.